ಈಶಾನ್ಯದ ಇಳಿಜಾರು

ನನಗೆ ಕಾಲಿನಲ್ಲಿ ಬಲವಿಲ್ಲದಿದ್ದರೂ ಬಾಯಿ ಜೋರು ಎಂಬುದು ಮೇಲೂರಿನಲ್ಲಿ ಎಲ್ಲರಿಗೂ ಗೊತ್ತು. ಆದರೂ ಶಿಡ್ಲಘಟ್ಟದ ಆ ಸಂಸ್ಥೆಯಲ್ಲಿ ಬಹಳ ದಿನ ಬಾಯಿ ಮುಚ್ಚಿಕೊಂಡೇ ಇದ್ದೆ. ಅಂಗವಿಕಲರಿಗೆಂದೇ ತೆರೆದ ಸಂಸ್ಥೆ. ಅಲ್ಲಿ ಕಂಪ್ಯೂಟರ್ ಕಲಿತರೆ ಯಾವುದಾದರೂ ಆಫೀಸಿನಲ್ಲಿ ಕೂತು ದುಡಿಯಬಹುದು, ರೇಷ್ಮೆ ನೂಲು ಬಿಚ್ಚುವ ಬಿಸಿನೀರಿನಲ್ಲಿ ಅಮ್ಮ ಇನ್ನು ಕೈ ಬೇಯಿಸಿಕೊಳ್ಳಬೇಕಿಲ್ಲ ಎಂಬ ಆಸೆ ನನಗೆ.

ನಾನು ಸೇರಿದಾಗ ಮುಂಬಾಗಿಲಿಗೆ ಬರೀ ಮೆಟ್ಟಿಲು. ವೀಲ್‌ಚೇರ್ ಹತ್ತಲು ಇಳಿಜಾರು ಇರಲೇಬೇಕೆಂದು ಕಾನೂನಿದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಬಾಗಿಲ ಎದುರು, ಪಶ್ಚಿಮಕ್ಕೆ, ಬೇಕಾದಷ್ಟು ಜಾಗವಿತ್ತು, ಮೇಸ್ತ್ರಿ ದಾರವನ್ನೂ ಕಟ್ಟಿದ್ದ. ಅಷ್ಟರಲ್ಲಿ ಕಾರ್ಯದರ್ಶಿಗಳು ವಾಸ್ತು ನೋಡುವವರನ್ನು ಕರೆತಂದರು. ಪಶ್ಚಿಮಕ್ಕೆ ಇಳಿಜಾರು ಬಂದರೆ ಸಂಸ್ಥೆಗೆ ಏಳಿಗೆಯಿಲ್ಲ, ಈಶಾನ್ಯಕ್ಕೆ ಇಳಿಯಲಿ ಎಂದರು ಅವರು. ಈಶಾನ್ಯದಲ್ಲಿದ್ದದ್ದು ನೀರಿನ ಸಂಪಿಗೂ ಕಾಂಪೌಂಡಿಗೂ ನಡುವಿನ ಸಂದಿ. ಹಿಂಬಾಗಿಲಿಗೆ ಸೇರುವ ಹಾಗೆ ಅಲ್ಲೇ ಕಟ್ಟಿದರು. ಉದ್ದಕ್ಕೆ ಜಾಗ ಸಾಲದೆ ಅದು ಮಕ್ಕಳ ಜಾರುಬಂಡೆಯ ಹಾಗೆ ನಿಂತಿತು. ಪೂಜೆ ಮಾಡಿ ಬೂದುಗುಂಬಳಕಾಯಿಯನ್ನೂ ಒಡೆದರು.

ಮೊದಲ ದಿನ ಅರ್ಧ ಹತ್ತಿ ಹಿಂದಕ್ಕೆ ಉರುಳಿದೆ. ಆಮೇಲೆ ಸಂಸ್ಥೆಯ ಇಬ್ಬರು ಗಂಡಸರು ನನ್ನನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿಸತೊಡಗಿದರು. ಅವರ ಕೈ ಎಲ್ಲೆಲ್ಲಿ ತಾಗುತ್ತಿತ್ತು ಎಂದು ಅಮ್ಮನಿಗೂ ಹೇಳಲಿಲ್ಲ. ನಡುವೆ ಶೌಚಕ್ಕೆಂದು ಮತ್ತೆ ಎತ್ತಿಸಿಕೊಳ್ಳುವ ಪಾಡು ಬೇಡವೆಂದು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ.

ಸಂಸ್ಥೆಯ ಮಾನ್ಯತೆಗಾಗಿ ತಪಾಸಣೆಗೆ ಅಧಿಕಾರಿ ಬಂದ ದಿನ ನನ್ನನ್ನು ಇಳಿಜಾರಿನ ಮೇಲ್ತುದಿಯಲ್ಲಿ ವೀಲ್‌ಚೇರ್ ಸಮೇತ ಎತ್ತಿಟ್ಟು, ಬ್ರೇಕ್ ಹಾಕಿ, ಫೋಟೊ ತೆಗೆದರು. ಆಗ ತಡೆಯಲಾಗಲಿಲ್ಲ.

"ಸಾರ್, ಒಂದ್ಸಲ ನೀವೇ ಇದ್ರಲ್ಲಿ ಕೂತು ಹತ್ತಿ ನೋಡಿ," ಎಂದೆ.

"ರ್‍ಯಾಂಪ್ ಇದೆಯಲ್ಲಮ್ಮ," ಎಂದು ಅಧಿಕಾರಿ ಕಾರಿನ ಕಡೆ ನಡೆದರು.

ಕಾರ್ಯದರ್ಶಿಗಳಿಗೆ ನಿಜವಾಗಿಯೂ ನೋವಾಗಿತ್ತು. "ದಿನಾ ಎತ್ಕೊಂಡ್ ಹೋಗ್ತಾರೆ, ಸ್ವಂತ ಮಗಳ್ ತರ ನೋಡ್ಕೊಂಡಿದೀವಿ. ಇನ್ನೇನಮ್ಮ ಕಮ್ಮಿ ಆಯ್ತು ನಿಂಗೆ?"

ಸಿಟ್ಟಿಗೆ ಅಳು ಬಂತು. ಮಾರನೆಯ ದಿನದಿಂದ ನಾನು ಹೋಗಲಿಲ್ಲ. ಸಂಸ್ಥೆಗೆ ಮಾನ್ಯತೆ ಸಿಕ್ಕಿತು.

ನನಗೆ ಹೇಳದೆ ಅಮ್ಮ ಅಲ್ಲಿಗೆ ಹೋಗಿ, ಮಗಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡಳಂತೆ. "ಎಲ್ಲಾ ಅನುಕೂಲಾನೂ ಮಾಡಿಕೊಟ್ವಿ ಕಣಮ್ಮ. ಅವಳಿಗೆ ಕಲಿಯೋ ಮನಸ್ಸಿರ್ಲಿಲ್ಲ," ಎಂದರಂತೆ ಕಾರ್ಯದರ್ಶಿಗಳು. ಮನೆಗೆ ಬಂದ ಅಮ್ಮ ನನ್ನನ್ನು ಬೈಯಲಿಲ್ಲ. ಬೆಂದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದಳು:

"ಮನಸ್ಸಿಲ್ದೇ ಇದ್ರೆ ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"