ಕಿಟಕಿ ಪಕ್ಕದ ಮೂರನೇ ಸೀಟು

ತ್ರಿಪ್ಪುಣಿತ್ತುರದಲ್ಲಿ ಬೆಳಗಿನ ರೈಲು ಹತ್ತುವ ಮೊದಲೇ ನನಗೂ ಹೆಂಡತಿ ಸುಗುಣಾಳಿಗೂ ಜಗಳವಾಗಿತ್ತು. ನಾವು ಗದಗ ಕಡೆಯವರು. ಬ್ಯಾಂಕಿನ ವರ್ಗಾವಣೆಯಿಂದ ಕೊಚ್ಚಿಗೆ ಬಂದು ಬಿದ್ದವರು. ಅಂದು ಹೊರಟಿದ್ದು ತಿರುವನಂತಪುರದ ಒಂದು ಮಕ್ಕಳ ಆಶ್ರಮಕ್ಕೆ. ದತ್ತು ತೆಗೆದುಕೊಳ್ಳಲಿದ್ದ ನಾಲ್ಕು ವರ್ಷದ ಅಮ್ಮುವನ್ನು ಮನೆಗೆ ಕರೆತರಬೇಕಿತ್ತು. ಸಂಜೆಯ ವಾಪಸು ರೈಲಿಗೆ ಅವಳು ಮೂರು ಸೀಟು ಕಾಯ್ದಿರಿಸಿದ್ದಳು.

“ಐದು ತುಂಬದ ಕೂಸಿಗೆ ಟಿಕೆಟ್ಟೇ ಬ್ಯಾಡ. ಮತ್ತ, ಕಾಗದಕ್ಕ ಇನ್ನೂ ಸಹಿ ಬಿದ್ದಿಲ್ಲ,” ಅಂದೆ.

“ಹ್ವಾದ ಸಲ ಹೋದಾಗ ಕಿಟಕಿ ಪಕ್ಕ ಕೂಡಸ್ತೀನಂತ ಆಕಿಗೆ ಮಾತು ಕೊಟ್ಟೀನ್ರೀ. ತೊಡಿ ಮ್ಯಾಲಲ್ಲ, ಆಕಿ ಸೀಟಿನಾಗ.”

ಸುಗುಣಾಳಿಗೆ ಮಾತೆಂದರೆ ಮಾತು. ಹೊಸ ವರ್ಷದ ಆರಾಧನೆಯಲ್ಲಿ ನಾವೆಲ್ಲ ಒಂದೊಂದು ವಾಗ್ದಾನದ ಕಾರ್ಡು ಎತ್ತುತ್ತೇವೆ. ಅದರಲ್ಲಿರುವ ಬೈಬಲ್ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತೆಂದು ನಂಬಿಕೆ. ಅವಳಿಗೆ ಬಂದದ್ದು ಮಕ್ಕಳಿಲ್ಲದವಳ ಮನೆ ತುಂಬಿಸುವ ದೇವರ ವಚನ. ನನಗೆ ಬಂದದ್ದು ತಾಳ್ಮೆ. ಬದಲಾಯಿಸಿಕೊಳ್ಳಲು ಪಾಸ್ಟರ್ ಬಿಡಲಿಲ್ಲ.

ಕೋಟ್ಟಯಂನಲ್ಲಿ ಪಳಂಪೊರಿ ಬಂತು. ಬಾಳೆಹಣ್ಣಿನ ಆ ಬಿಸಿ ಬಜ್ಜಿ ತಿಂದ ಮೇಲೆ ನನ್ನ ಸಿಟ್ಟು ಇಳಿಯಿತು. ಇನ್ನೂರು ಚಿಲ್ಲರೆ ಕಿಲೋಮೀಟರಿನ ದಾರಿ, ಕೊಲ್ಲಂ ಹತ್ತಿರ ಹಿನ್ನೀರು, ದಾರಿಯುದ್ದಕ್ಕೂ ಸೆಕೆ. ತಿರುವನಂತಪುರದಲ್ಲಿ ಇಳಿದು ಆಟೋ ಹಿಡಿದೆವು. ಸುಗುಣಾ ಎರಡು ಸಲ ಜಡೆ ಬಿಚ್ಚಿ ಹೆಣೆದುಕೊಂಡಳು.

ಆಶ್ರಮದ ಮೇಲ್ವಿಚಾರಕಿ ನಮ್ಮನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳಿದರು. ಹಿಂದಿನ ದಿನ ಅಮ್ಮುವಿನ ದೊಡ್ಡಮ್ಮ ಬಂದು, ಮಗುವನ್ನು ತಾನೇ ಸಾಕುತ್ತೇನೆಂದು ಅತ್ತಿದ್ದಳಂತೆ. ಸಮಿತಿ ಅವಳ ಮಾತನ್ನೂ ಕೇಳಬೇಕು. ಅಲ್ಲಿಯವರೆಗೆ ಮಗುವನ್ನು ಕಳಿಸುವಂತಿಲ್ಲ, ನಮಗೆ ತೋರಿಸುವಂತೆಯೂ ಇಲ್ಲ. “ವಿಷಮಿಕ್ಕಂಡ ಚೇಚಿ,” ಎಂದು ಸುಗುಣಾಳ ಕೈ ಹಿಡಿದರು. ಬೇಜಾರು ಮಾಡಿಕೊಳ್ಳಬೇಡ ಅಕ್ಕಾ ಎನ್ನುವ ಅವರ ಕಣ್ಣಲ್ಲೇ ನೀರಿತ್ತು.

ಅಂಗಳದ ಬೇಲಿಯ ಬಳಿ ನಿಂತು ಪ್ರಾರ್ಥಿಸೋಣ ಅಂದಳು ಸುಗುಣಾ. ಆ ದೊಡ್ಡಮ್ಮನ ಮನಸ್ಸು ಬದಲಾಗಲಿ ಎಂದು ಕೇಳುತ್ತಾಳೆಂದುಕೊಂಡು ನಾನು ಕಣ್ಣು ಮುಚ್ಚಿದೆ.

“ಸ್ವಾಮಿ, ಆ ಅಕ್ಕಾನೂ ಇವತ್ತು ನಿನ್ನ ಮುಂದ ಅಳಾಕತ್ತಿರಬೇಕು. ಆಕಿ ಮಾತೂ ಕೇಳು. ಕೂಸು ಯಾವ ಮನಿಗೆ ಹೋದ್ರೂ ಹೊಟ್ಟಿ ತುಂಬಾ ಉಣ್ಲಿ, ನಕ್ಕೋತ ಇರ್ಲಿ. ನನಗ ಕೊಟ್ಟ ಮಾತು ನೀ ಮರ್ಯೂದಿಲ್ಲ. ಹೆಂಗ ನಡಸ್ತೀ, ನಿನಗ ಬಿಟ್ಟೀನಿ.”

ಆಮೆನ್ ಎನ್ನಲು ನನಗೆ ಬಾಯಿ ಬರಲಿಲ್ಲ. ನನಗೆ ಅಮ್ಮು ಬೇಕಿತ್ತು. ಬೇರೆ ಯಾರದೋ ಮನೆಯಲ್ಲಿ ಅವಳ ಹೊಟ್ಟೆ ತುಂಬುವ ವಿಚಾರ ಆ ಹೊತ್ತಿಗೆ ಬೇಕಿರಲಿಲ್ಲ. ದೇವರ ಮೇಲೂ ಸಿಟ್ಟು ಬಂದಿತ್ತು, ಇವಳ ಮೇಲೂ.

ರೈಲಿಗೆ ಇನ್ನೂ ಹೊತ್ತಿತ್ತು. ಚಾಲೈ ಪೇಟೆಯ ಮೂಟೆಗಳ ನಡುವೆ ಸುಮ್ಮನೆ ಅಲೆದು, ಒಂದು ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಇಬ್ಬರೂ ಅರ್ಧ ಊಟ ಎಲೆಯಲ್ಲೇ ಬಿಟ್ಟೆವು.

“ಆ ಮೂರನೇ ಸೀಟು ರದ್ದು ಮಾಡ್ಲೇನು?” ಕೇಳಿದೆ.

“ಬ್ಯಾಡ್ರೀ,” ಅಂದಳು. ಅಷ್ಟೇ ಅಂದಳು.

ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಬಿಟ್ಟು ಅವಳು ನಡುವೆ ಕೂತಳು, ನಾನು ತುದಿಗೆ. ಅವಳು ಅತ್ತಿದ್ದು ರೈಲು ಹೊರಟ ಮೇಲೆ, ಸೆರಗು ಬಾಯಿಗೆ ಒತ್ತಿಕೊಂಡು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಖಾಲಿ ಸೀಟಿನ ಆಚೆ ತೆಂಗಿನ ತೋಟಗಳು ಓಡುತ್ತಿದ್ದವು. ಅಮ್ಮು ಇದ್ದಿದ್ದರೆ ಮೂಗನ್ನು ಸರಳಿಗೆ ಒತ್ತಿ ನೋಡುತ್ತಿದ್ದಳು.

ಕೊಲ್ಲಂನಲ್ಲಿ ಜನ ನುಗ್ಗಿದರು. ಕಚೇರಿ ಚೀಲ ಹೊತ್ತ ಒಬ್ಬರು ನಮ್ಮ ಸಾಲಿನ ಬಳಿ ನಿಂತು, ಕಿಟಕಿ ಪಕ್ಕದ ಸೀಟಿನತ್ತ ಕೈ ತೋರಿಸಿ, ಯಾರಾದರೂ ಇದ್ದಾರಾ ಎಂದು ಮಲಯಾಳದಲ್ಲಿ ಕೇಳಿದರು.

“ಆಳುಂಡೋ?”

ಸುಗುಣಾ ತಲೆ ಎತ್ತುವುದಕ್ಕೂ ಮೊದಲೇ, ಇದ್ದಾರೆಂದು ನಾನು ಅವರದೇ ಭಾಷೆಯಲ್ಲಿ ಹೇಳಿದೆ.

“ಉಂಡು. ಆಳುಂಡು.”

ಅವರು ಮುಂದೆ ಹೋದರು. ಸುಗುಣಾ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ “ಆಮೆನ್” ಅಂದಳು.