ಎಂಟು ಬೆರಳು ಹಿಂದಕ್ಕೆ

ಬೆಳಗಿನ ಆರು ಗಂಟೆ. ಶೆಡ್ಡಿನ ಕಬ್ಬಿಣದ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಕೆಂಪು ಸ್ಪೋರ್ಟ್ಸ್ ಕಾರೊಂದು ನಾಲ್ಕು ಕಬ್ಬಿಣದ ಗೂಟಗಳ ಮೇಲೆ ಮೊಣಕಾಲೆತ್ತರಕ್ಕೆ ನಿಂತಿದೆ. ಅದರ ಕೆಳಗಿನಿಂದ ಎರಡು ಬೂಟುಗಳು ಹೊರಗೆ ಚಾಚಿವೆ. ಒಂದಕ್ಕೆ ದಾರದ ಬದಲು ತಂತಿ. ಗ್ರೈಂಡರ್ ಕಿರುಚುತ್ತದೆ, ಕಿಡಿ ಸಿಡಿಯುತ್ತದೆ. ಪೈಪಕ್ಕ ನಿನ್ನೆ ಸಂಜೆ ತಾವೇ ಹಾಕಿದ ಬೆಸುಗೆಯನ್ನು ತಾವೇ ಕೊಯ್ಯುತ್ತಿದ್ದಾರೆ.

ಕೆಟ್ಟ ಬೆಸುಗೆಯೇನಲ್ಲ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒಪ್ಪವಾಗಿ ಕೂತದ್ದು. ಆದರೆ ಜಾಗ ತಪ್ಪು.

ಈ ಕಾರಿನ ಇಂಜಿನ್ನಿನ ಎರಡು ಮಗ್ಗುಲಿನಿಂದ ಎರಡು ಹೊಗೆಕೊಳವೆಗಳು ಹೊರಟು, ಹಿಂದೆ ಎಡಕ್ಕೊಂದು ಬಲಕ್ಕೊಂದು ಬಾಯಿ ತೆರೆಯುತ್ತವೆ. ನಡುವೆ ಒಂದು ಕಡೆ ಎರಡನ್ನೂ ಅಡ್ಡಕೊಳವೆಯಿಂದ ಕೂಡಿಸಬೇಕು. ಇಲ್ಲದಿದ್ದರೆ ಎರಡೂ ಬೇರೆ ಬೇರೆ ರಾಗ ಎಳೆಯುತ್ತವೆ. ಎಲ್ಲಿ ಕೂಡಿಸಬೇಕೆಂದು ತಿಳಿಯಲು ಪೈಪಕ್ಕ ಉದ್ದಕ್ಕೂ ಬಣ್ಣದ ಗೆರೆ ಎಳೆದು ಇಂಜಿನ್ ಓಡಿಸುತ್ತಾರೆ. ಬಣ್ಣ ಎಲ್ಲಿ ಮೊದಲು ಕರಕಲಾಗುತ್ತದೋ ಅದೇ ಜಾಗ. ನಿನ್ನೆ ಅದು ಕರಕಲಾದದ್ದು ಗೇರ್‌ಬಾಕ್ಸಿನ ಅಡ್ಡಪಟ್ಟಿಯ ಪಕ್ಕ, ಕೈ ತೂರದ ಸಂದಿಯಲ್ಲಿ. ಅದಕ್ಕೆ ಎಂಟು ಬೆರಳು ಮುಂದೆ, ಕೈಗೆ ಸಲೀಸಾಗಿ ಸಿಗುವಲ್ಲಿ ಬೆಸೆದುಬಿಟ್ಟರು.

‘ಸೋಮಾರಿತನ, ಇನ್ನೇನು?’ ಕಾರಿನ ಕೆಳಗಿಂದ ದನಿ ಬರುತ್ತದೆ. ‘ಮೈ ನೋಯ್ತಿತ್ತು, ಇಷ್ಟು ಸಾಕು ಅಂದ್ಕೊಂಡೆ. ಓಡ್ಸಿ ನೋಡಿದ್ರೆ ಗುಂಯ್ ಅಂತ ತಲೆಗೇ ಹೊಡೀತು. ಬಣ್ಣ ಸರಿಯಾಗೇ ಹೇಳಿತ್ತು. ನಾನೇ ಕೇಳ್ಲಿಲ್ಲ.’

ಹತ್ತೂವರೆಗೆ ಕಾರು ಸದ್ದಿನ ಪರೀಕ್ಷೆಗೆ ಹೋಗಬೇಕು. ಮಿತಿ ತೊಂಬತ್ತೈದು ಡೆಸಿಬಲ್. ಬೇರೆ ಇಬ್ಬರು ಶೆಡ್ಡಿನವರು ಕೊಳವೆ ಹಾಕಿ ಕಳಿಸಿ ಎರಡು ಸಲ ನಪಾಸಾಗಿದೆ. ಮೂರನೆಯ ಸಲವೂ ಆದರೆ ರಸ್ತೆಗಿಳಿಯುವಂತಿಲ್ಲ. ಆಗ ಹಿಂದಿನ ಇಬ್ಬರನ್ನು ಯಾರೂ ನೆನೆಯುವುದಿಲ್ಲ. ಹೆಂಗಸಿನ ಕೈಗೆ ಕೊಟ್ಟರೆ ಇನ್ನೇನಾಗುತ್ತೆ ಎಂದು ಆಡಿಕೊಳ್ಳಲು ಬೀದಿಯ ಬಾಯಿಗಳು ತಯಾರಾಗಿವೆ. ಸ್ಪ್ಯಾನರು ಹಿಡಿಯುವ ತುದಿ ಯಾವುದೆಂದು ಗೊತ್ತಿಲ್ಲದವರೂ ಈ ಮಾತಿಗೆ ಮಾತ್ರ ಮುಂದು.

ಐವತ್ತೆರಡು ವರ್ಷದ ಪೈಪಕ್ಕ ಇಪ್ಪತ್ತೊಂಬತ್ತು ವರ್ಷದಿಂದ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿದ್ದಾರೆ. ಶೆಡ್ಡು ಮೊದಲು ಗಂಡನದು. ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ತಂದವರು, ಕೊಳವೆಯ ಇನ್ನೊಂದು ತುದಿ ಹಿಡಿಯಲು ನಿಂತರು; ಮತ್ತೆ ಬಿಡಲಿಲ್ಲ. ದಿನಕ್ಕೆ ಆರು ಗಂಟೆ ಬೆನ್ನ ಮೇಲೆ. ವಾರಕ್ಕೆ ಹದಿನಾಲ್ಕು ಹದಿನೈದು ಗಾಡಿ, ಹೆಚ್ಚಿನವು ತುಕ್ಕು ತಿಂದ ಹಳೆಯ ವ್ಯಾನುಗಳು. ಕುತ್ತಿಗೆಯಿಂದ ಎದೆಯವರೆಗೆ ಸಾಸಿವೆ ಎರಚಿದಂತೆ ಕಿಡಿಯ ಕಲೆಗಳು. ಎರಡು ಸಲ ಕಣ್ಣಿನಿಂದ ಕಬ್ಬಿಣದ ಚೂರು ತೆಗೆಸಿಕೊಂಡಿದ್ದಾರೆ.

ಗಂಡ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕ್ಲಾಂಪುಗಳಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಅವರಿಗೆ ಕಿವಿ ಕೇಳಿಸುವುದಿಲ್ಲ. ಸದ್ದು ಜೋರಾದಷ್ಟೂ ಗಾಡಿಗೆ ಗತ್ತು ಎನ್ನುವ ಗಿರಾಕಿಗಳಿಗೆ ಇಪ್ಪತ್ತು ವರ್ಷ ಖಾಲಿ ಕೊಳವೆ ಕಟ್ಟಿಕೊಟ್ಟರು. ಗತ್ತು ಗಿರಾಕಿಗಳ ಪಾಲಾಯಿತು, ಕಿವಿ ಇವರದು ಹೋಯಿತು. ಅಂದಿನಿಂದ ಈ ಶೆಡ್ಡಿನಲ್ಲಿ ಸದ್ದು ಕಡಿಮೆ ಮಾಡುವ ಡಬ್ಬಿಯಿಲ್ಲದೆ ಒಂದು ಗಾಡಿಯೂ ಹೊರಹೋಗಿಲ್ಲ.

ಒಂಬತ್ತಕ್ಕೆ ಕಾರಿನ ಒಡೆಯ ಬರುತ್ತಾರೆ. ಹಲ್ಲಿನ ಡಾಕ್ಟರು. ಅಷ್ಟರಲ್ಲಿ ಅಡ್ಡಕೊಳವೆ ಎಂಟು ಬೆರಳು ಹಿಂದಕ್ಕೆ ಹೋಗಿ, ಅಡ್ಡಪಟ್ಟಿಯನ್ನು ಬಳಸಿಕೊಂಡು ಬಾಗಿ ಕೂತಿದೆ. ಡಾಕ್ಟರು ಬಗ್ಗಿ ನೋಡಿ, ‘ಇಷ್ಟು ದೊಡ್ಡ ಡಬ್ಬಿಗಳಾ? ಗಾಡಿ ಬಂದಿದ್ದೇ ಗೊತ್ತಾಗಲ್ವಲ್ಲಮ್ಮ!’ ಎನ್ನುತ್ತಾರೆ.

‘ಯಾಕೆ, ಜನಕ್ಕೆ ಕಣ್ಣಿಲ್ವಾ? ನೀವು ಹಲ್ಲು ಕೀಳೋವಾಗ ಬೀದಿಗೆಲ್ಲ ಕೇಳೋ ಹಾಗೆ ಕೀಳ್ತೀರಾ?’

ಡಾಕ್ಟರು ನಗುತ್ತಾರೆ, ಬೇರೆ ದಾರಿಯಿಲ್ಲ.

ಇಂಜಿನ್ ಶುರುವಾಗುತ್ತದೆ. ಈಗ ಗಂಡನ ಸರದಿ. ಅವರು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡು ಬಾಯಿಗಳ ಎದುರು ಗೇಣು ದೂರದಲ್ಲಿ ಎರಡು ಅಂಗೈ ಹಿಡಿದು ಕಣ್ಣು ಮುಚ್ಚುತ್ತಾರೆ. ಕಿವಿ ಕೈಕೊಟ್ಟ ಮೇಲೆ ಅಂಗೈಯಲ್ಲೇ ಕೇಳುವುದನ್ನು ಕಲಿತಿದ್ದಾರೆ. ಪೈಪಕ್ಕನ ಕಣ್ಣು ಕಾರಿನ ಮೇಲಿಲ್ಲ, ಗಂಡನ ಮುಖದ ಮೇಲಿದೆ. ಒಂದು ನಿಮಿಷ. ಎರಡು.

‘ನಿನ್ನೆ ಎಡಗಡೇದು ಗುದ್ತಿತ್ತು ಇವಳೇ,’ ಎಂದು ಅವರು ಕೂಗುತ್ತಾರೆ. ತಮ್ಮ ದನಿ ತಮಗೆ ಕೇಳಿಸದವರು ಮಾತಾಡುವುದೇ ಹಾಗೆ. ‘ಇವತ್ತು ಎರಡೂ ಒಂದೇ!’

ಕಾರು ಹೊರಡುತ್ತದೆ. ಪೈಪಕ್ಕ ಮುಂದಿನ ವ್ಯಾನಿನ ಕೆಳಗೆ ಹೋಗುತ್ತಾರೆ. ಒಂದು ನಟ್ಟನ್ನು ಮೂರು ಸಲ ಬಿಚ್ಚಿ ಮೂರು ಸಲ ಹಾಕುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಉತ್ತರ ಕೆಳಗಿಂದಲೇ ಬರುತ್ತದೆ: ‘ಗಾಡೀನ ಮೇಲಕ್ಕೆತ್ತೋ ಒಂದು ಲಿಫ್ಟು. ಬೆನ್ನು ನೆಲಕ್ಕೆ ಹಾಕಿ ಸಾಕಾಯ್ತು. ಒಂದ್ ನಾಲ್ಕು ವರ್ಷ ಮನುಷ್ಯರ ಹಾಗೆ ನಿಂತ್ಕೊಂಡು ಕೆಲಸ ಮಾಡ್ಬೇಕು ಕಣ್ರಿ.’

ಹನ್ನೊಂದೂಕಾಲಿಗೆ ಫೋನು. ಪೈಪಕ್ಕ ವ್ಯಾನಿನ ಕೆಳಗಿಂದ ತೆವಳಿ ಬಂದು, ಗ್ರೀಸಿನ ಕೈಯನ್ನು ತೊಡೆಗೆ ಒರೆಸಿಕೊಂಡು ಎತ್ತುತ್ತಾರೆ. ಅತ್ತ ಡಾಕ್ಟರು. ಪಾಸು. ಪರೀಕ್ಷೆ ಮಾಡುವವನು ಟಾರ್ಚು ಹಿಡಿದು ಕಾರಿನ ಕೆಳಗೆ ಬಗ್ಗಿ ನೋಡಿ, ಯಾರ ಕೆಲಸ ಇದು ಎಂದನಂತೆ.

‘ನೀವೇನಂದ್ರಿ?’

‘ನಮ್ಮ ಅಕ್ಕಂದು ಅಂದೆ.’

‘ಬೆಳಿಗ್ಗೆ ಬರೀ ಅಮ್ಮ ಆಗಿದ್ದೆ, ಇಷ್ಟು ಬೇಗ ನಿಮ್ಮಕ್ಕ ಆದ್ನಾ?’ ಎಂದು ಪೈಪಕ್ಕ ಫೋನಿಡುತ್ತಾರೆ.

ಗಂಡ ಸ್ಟೂಲಿನಿಂದ ಎದ್ದು ನಿಂತಿದ್ದಾರೆ. ‘ಎಷ್ಟಂತೆ?’

ಪೈಪಕ್ಕ ಕಪ್ಪು ಬೆರಳುಗಳನ್ನೆತ್ತಿ ತೋರಿಸುತ್ತಾರೆ. ಮೊದಲು ಒಂಬತ್ತು, ಆಮೇಲೆ ಒಂದು.

‘ತೊಂಬತ್ತೊಂದಾ?’ ಮುದುಕನ ಕೂಗಿಗೆ ಎದುರಿನ ಟೈರ್ ಅಂಗಡಿಯವನು ಕೆಲಸ ಬಿಟ್ಟು ತಿರುಗಿ ನೋಡುತ್ತಾನೆ. ‘ನನ್ನ ಹೆಂಡ್ತಿ ಕೆಲಸ ತೊಂಬತ್ತೊಂದು!’

‘ಮೆತ್ತಗೆ ರೀ, ಬೀದಿಗೆಲ್ಲ ಕೇಳ್ಸುತ್ತೆ,’ ಎಂದು ಪೈಪಕ್ಕ ಕೈ ಬೀಸುತ್ತಾರೆ.

ಬೀಸಿದ ಕೈ ಹಾಗೇ ನಿಲ್ಲುತ್ತದೆ. ಒಮ್ಮೆ ಬೀದಿಯ ಆ ತುದಿ, ಒಮ್ಮೆ ಈ ತುದಿ ನೋಡುತ್ತಾರೆ. ಆಮೇಲೆ ಗಂಡನ ಎದುರು ಬೆರಳುಗಳನ್ನು ಮತ್ತೆ ಎತ್ತುತ್ತಾರೆ. ಒಂಬತ್ತು, ಮತ್ತೆ ಒಂದು.

‘ಇನ್ನೊಂದ್ ಸಲ ಹೇಳಿ.’