ಕಚ್ಚೆ ಬಿಡಿಸಿದ ಡಾಕ್ಟರಬಾಯಿ

ನಾಗಪುರದ ಕನ್ನಡದವರಿಗೆ ನನ್ನ ಕಚ್ಚೆ ಸೀರೆಯ ಮೇಲೆ ಬಹಳ ಪ್ರೀತಿ. ಮದುವೆಮನೆಯಲ್ಲಿ ಹುಡುಗಿಯರು ಪಕ್ಕಕ್ಕೆ ಬಂದು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. "ಅಜ್ಜಿ, ಕಿತಿ ಛಾನ್! ಎಷ್ಟ ಚೆಂದ! ಈ ವಯಸ್ಸಿನ್ಯಾಗೂ ದಿನಾ ಕಚ್ಚಿ ಹಾಕ್ತೀರಿ!" ಎನ್ನುತ್ತಿದ್ದರು. ನಮ್ಮ ಭಜನಿ ಮಂಡಳಿಯಲ್ಲಿ ಕಚ್ಚೆ ಉಡುವವರು ಇಬ್ಬರೇ ಉಳಿದಿದ್ದೆವು. ನಾನೊಬ್ಬಳು, ಕಾಮಠಿಯಿಂದ ಬಸ್ಸಿನಲ್ಲಿ ಬರುವ ಮುದುಕಿಯೊಬ್ಬಳು. ಮಂಡಳಿಯ ಅಧ್ಯಕ್ಷೆ ನಮ್ಮಿಬ್ಬರನ್ನೂ ಬೆರಳು ಮಾಡಿ ತೋರಿಸಿ, "ಸಂಪ್ರದಾಯ ಅಂದ್ರ ಇದು ನೋಡ್ರಿ" ಎಂದು ಸೊಸೆಯಂದಿರಿಗೆ ಹೇಳುತ್ತಿದ್ದಳು. ಕೇಳಿದರೆ ನನಗೆ ಹೇಸಿಗೆಯಾಗುತ್ತಿತ್ತು. ನಾನು ಕಚ್ಚೆ ಹಾಕುತ್ತಿದ್ದದ್ದು ಯಾವ ಸಂಪ್ರದಾಯಕ್ಕೂ ಅಲ್ಲ. ಬಿಗಿದು ಕಟ್ಟದಿದ್ದರೆ ನನ್ನ ಗರ್ಭಚೀಲ ಹೊರಗೆ ಬಂದು ತೊಡೆಯ ಸಂದಿಯಲ್ಲಿ ತೂಗುತ್ತಿತ್ತು.

ಇದು ಶುರುವಾದದ್ದು ಸಾವನೇರದಲ್ಲಿ. ಯಜಮಾನರಿಗೆ ಅಲ್ಲಿಯ ಕಲ್ಲಿದ್ದಲು ಗಣಿಯ ಆಫೀಸಿನಲ್ಲಿ ಕೆಲಸ. ಕೊನೆಯ ಮಗನನ್ನು ಹಡೆದು ಬಾಣಂತನ ಮುಗಿಯುವ ಮೊದಲೇ ನೀರು ಹೊರಲು ಎದ್ದೆ. ಒಂದು ದಿನ ತುಂಬಿದ ಕೊಡ ಸೊಂಟಕ್ಕೇರಿಸುವಾಗ ಒಳಗಿನಿಂದ ಏನೋ ಜಾರಿತು. ಕೂಸು ಇನ್ನೊಂದು ಉಳಿದಿತ್ತೇನೋ ಎಂದು ಹೆದರಿ ಅತ್ತೆಗೆ ಹೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಅಂಗ ಹೊರಗ ಬಂದದ. ಒಳಗ ದೂಡಿ ಕಚ್ಚಿ ಬಿಗಿ ಕಟ್ಟು. ನಾ ಏನ ಮಾಡೇನಿ? ಅದನ್ನ ಮಾಡೇನಿ" ಎಂದಳು. ಹಾಗೆ ನನಗೆ ಗೊತ್ತಾಯಿತು ಅತ್ತೆಯದೂ ಇಳಿದಿದೆ ಎಂದು. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ. ಅತ್ತೆ ಸತ್ತಾಗ ಮೈ ತೊಳೆದವಳು ನಾನು. ಅವಳ ಕಚ್ಚೆಯ ಕೆಳಗೆ ಏನಿತ್ತೋ ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನೂ ದೂಡಿದೆ, ಕಟ್ಟಿದೆ, ದುಡಿದೆ. ಮಕ್ಕಳ ಮದುವೆಯಾಯಿತು, ಯಜಮಾನರು ಹೋದರು, ನಾಗಪುರದಲ್ಲಿ ಮಗನ ಮನೆಗೆ ಬಂದೆ. ಹೋದ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಸೀರೆಯ ಮೇಲೆ ರಕ್ತ ಕಂಡಿತು. ಮುಟ್ಟು ನಿಂತು ಒಂದು ಕಾಲವಾಗಿತ್ತು. ನನ್ನ ಅಕ್ಕನಿಗೂ ಹೀಗೇ ಆಗಿತ್ತು. ಅವಳು ಯಾರಿಗೂ ಹೇಳದೆ ಬಟ್ಟೆ ಮಡಿಚಿಟ್ಟುಕೊಂಡು ತಿರುಗಾಡಿದಳು. ಡಾಕ್ಟರು ನೋಡುವ ಹೊತ್ತಿಗೆ ಕ್ಯಾನ್ಸರು ಹೊಟ್ಟೆಯ ತುಂಬ ಹರಡಿತ್ತು. ಕೊನೆಗೆ ಅವಳು ಮಲಗಿದ ಕೋಣೆಗೆ ಅವಳ ಮಕ್ಕಳೇ ಮೂಗು ಮುಚ್ಚಿಕೊಂಡು ಬರುತ್ತಿದ್ದರು. ಆ ವಾಸನೆ ನನಗೆ ಗೊತ್ತು. ಆದ್ದರಿಂದ ನಾನು ಸುಮ್ಮನೆ ಕೂರುವವಳಲ್ಲ. ಸೊಸೆ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಎಲ್ಲ ಹೇಳಿದೆ.

"ಅಯ್ಯ, ಅತ್ಯಾ! ಇಷ್ಟ ವರ್ಷ ಸುಮ್ಮನ ಇದ್ರೇನು?"

"ಇದ್ದೆ. ಈಗಿಲ್ಲ. ಹೆಂಗಸರ ಡಾಕ್ಟರನ್ನ ಹುಡುಕು."

ಸೊಸೆ ಇಲ್ಲೇ ಹುಟ್ಟಿ ಬೆಳೆದವಳು, ಒಳ್ಳೆಯವಳು. ಆದರೆ ಅವಳಿಗೆ ಉಪ್ಪು ಬೇಕಾದರೂ ಫೋನೇ ಬೇಕು. ಸೋಫಾದ ಮೇಲೆ ಕೂತು ಹುಡುಕಿದಳು.

"ಇವರಿಗೆ ನಾಲ್ಕೂವರಿ ಸ್ಟಾರ್ ಅವ ನೋಡ್ರಿ. ಎಲ್ಲಾರೂ ಚಲೋ ಬರದಾರ."

"ಏನ ಬರದಾರ, ಓದು."

"ನಾರ್ಮಲ್ ಡಿಲಿವರಿ ಆತು, ಥ್ಯಾಂಕ್ಯೂ. ಜೋಡಿ ಮಕ್ಕಳಾದವು, ದೇವರಂಥಾ ಡಾಕ್ಟರ್. ನರ್ಸ್ ಮಂದಿ ಭಾಳ ಚಲೋ…"

"ಎಲ್ಲಾ ಹಡದವರ ಬರದಾರಲ್ಲ. ಹಡದ ಮ್ಯಾಲ ಹಾಳಾದವರು ಏನ ಬರದಾರ?"

ಬೆರಳಿನಿಂದ ಮೇಲೆ ಕೆಳಗೆ ಬಹಳ ಹೊತ್ತು ತಿಕ್ಕಿದಳು. ಹಾಳಾದವರು ಯಾರೂ ಬರೆದಿರಲಿಲ್ಲ.

ಆ ನಾಲ್ಕೂವರೆ ಸ್ಟಾರಿನ ಆಸ್ಪತ್ರೆಗೇ ಹೋದೆವು. ಗೋಡೆಯ ತುಂಬ ಗುಲಾಬಿ ಬಣ್ಣದ, ಹಲ್ಲಿಲ್ಲದ, ಬರಿಮೈ ಕೂಸುಗಳ ಚಿತ್ರ. ಯಾರ ಕೂಸುಗಳೋ, ನಮ್ಮ ಕಡೆಯ ಬಣ್ಣವಂತೂ ಅಲ್ಲ. ಹೂವಿನ ವಾಸನೆಯ ಯಾವುದೋ ನೀರು ಸಿಂಪಡಿಸಿದ್ದರು, ಅದರ ಕೆಳಗೆ ಫಿನಾಯಿಲ್ ನಾರುತ್ತಿತ್ತು. ಕೌಂಟರಿನ ಹುಡುಗಿ ಸೊಸೆಯ ಹೊಟ್ಟೆ ನೋಡಿ, "ಕಿತವಾ ಮಹಿನಾ?" ಎಂದಳು. ಎಷ್ಟನೆಯ ತಿಂಗಳು ಎಂದು. ಸೊಸೆಗೆ ಐವತ್ತರ ಹತ್ತಿರ. ಅದು ಬ್ಯಾಂಕಿನಲ್ಲಿ ಕೂತು ಕೂತು ಬಂದ ಹೊಟ್ಟೆ. ಪಾಪ, ಅವಳ ಮುಖ ಕೆಂಪಾಯಿತು. "ಪೇಶಂಟ್ ನಾನು" ಎಂದೆ. ಹುಡುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಮುಟ್ಟು ಯಾವಾಗ ಬಂದಿತ್ತು ಎಂದು ಕೇಳಿದಳು. ನೀನು ಹುಟ್ಟುವ ಮೊದಲು ಎಂದೆ. ಆಗ ನಗೆ ನಿಂತಿತು.

ಡಾಕ್ಟರು ನಡುವಯಸ್ಸಿನ ಗಂಡಸು. ಗಂಡಸಾದದ್ದಕ್ಕೆ ನನ್ನ ತಕರಾರಿಲ್ಲ. ನೋಡಿದ್ದರೆ ಸಾಕಿತ್ತು. ಅವನು ನೋಡಲೇ ಇಲ್ಲ. ನನ್ನ ಕಥೆಯನ್ನೆಲ್ಲ ಸೊಸೆಯ ಬಾಯಿಂದ ಕೇಳಿದ, ಉತ್ತರವನ್ನೂ ಸೊಸೆಗೇ ಕೊಟ್ಟ. ನಡುವೆ ನಾನೊಂದು ಕೈಚೀಲದ ಹಾಗೆ ಕೂತಿದ್ದೆ. "ಇಸ್ ಉಮರ್ ಮೇಂ ಕ್ಯಾ ಕಾಮ್ ಕಾ? ನಿಕಾಲ್ ದೇತೇ ಹೈಂ" ಎಂದ. ಈ ವಯಸ್ಸಿನಲ್ಲಿ ಗರ್ಭಚೀಲ ಯಾವ ಕೆಲಸಕ್ಕೆ, ತೆಗೆದುಬಿಡೋಣ ಎಂದು. ರಕ್ತ ಯಾಕೆ ಬರುತ್ತಿದೆ ಎಂದು ನಾನೇ ಕೇಳಿದೆ. ತೆಗೆದ ಮೇಲೆ ತಿಳಿಯುತ್ತದೆ ಎಂದು ಸೊಸೆಗೆ ಹೇಳಿದ. ಅವನ ತಲೆ ನೆತ್ತಿಯವರೆಗೂ ಬೋಳು.

"ಬಾಲ್ ತೋ ಗಯೇ, ಸಿರ್ ಭೀ ನಿಕಾಲೋಗೇ ಕ್ಯಾ?" ಎಂದು ಎದ್ದೆ. ಕೂದಲು ಹೋಯಿತಲ್ಲ, ತಲೆಯನ್ನೂ ತೆಗೆಸುತ್ತೀಯಾ?

ರಿಕ್ಷಾದಲ್ಲಿ ಸೊಸೆ ಮುಖ ಆಚೆ ತಿರುಗಿಸಿಕೊಂಡು ಕೂತಳು. "ಅತ್ಯಾ, ಮುಂದ ನಾ ಆ ದವಾಖಾನಿಗೆ ಹ್ಯಾಂಗ ಮಾರಿ ತೋರಸಲಿ?"

"ಮಾರಿ ಯಾಕ ತೋರಸ್ತಿ? ಅಲ್ಲೆ ಯಾರೂ ಮಾರಿ ನೋಡೂದಿಲ್ಲ. ಯಾವುದನ್ನೂ ನೋಡೂದಿಲ್ಲ."

ಅವಳಿಗೆ ನಗು ಬಂತು. ನನಗೆ ಬರಲಿಲ್ಲ. ಅಕ್ಕನ ಕೋಣೆಯ ವಾಸನೆ ಆ ದಿನವೆಲ್ಲ ಮೂಗಿನಲ್ಲೇ ಇತ್ತು.

ಆ ವಾರದ ಭಜನೆ ಅಧ್ಯಕ್ಷೆಯ ಮನೆಯಲ್ಲಿತ್ತು. ಇಷ್ಟು ಹೆಂಗಸರಿದ್ದೇವೆ, ಇಷ್ಟು ಹಡೆದಿದ್ದೇವೆ, ಒಬ್ಬಳಿಗಾದರೂ ಗೊತ್ತಿರಬೇಕು ಎಂದುಕೊಂಡೆ. ಮಂಗಳಾರತಿ ಮುಗಿದು ಸಾಬುದಾಣಿ ಖಿಚಡಿಯ ತಟ್ಟೆ ಕೈಗೆ ಬಂದಾಗ ಕೇಳಿಯೇ ಬಿಟ್ಟೆ. "ನಿಮ್ಮೊಳಗ ಯಾರದರ ಗರ್ಭಚೀಲ ಕೆಳಗ ಬಂದದ ಏನ್ರಿ? ಯಾವ ಡಾಕ್ಟರಗೆ ತೋರಸೀರಿ?"

ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡಳು. ಕಾಮಠಿಯ ಮುದುಕಿ ಎಂದಿನಂತೆ ಗೋಡೆ ಹಿಡಿದು ನಿಂತೇ ಇದ್ದಳು. ಅವಳು ಎಂದೂ ಕೆಳಗೆ ಕೂರುವುದಿಲ್ಲ, ಮೊಣಕಾಲು ನೋವು ಎನ್ನುತ್ತಾಳೆ. ಅವಳು ತಟ್ಟೆಯೊಳಗೆ ಮುಖ ಹುಗಿದಳು.

ಅಧ್ಯಕ್ಷೆ ಎದ್ದು ನಿಂತಳು. "ಕಾಕೂ! ದೇವರ ಮುಂದ ಏನ ಮಾತಂತ ಆಡ್ತೀರಿ!"

"ದೇವರ ಕೊಟ್ಟ ಚೀಲನ ಅದು. ಅವಗ ಗೊತ್ತಿಲ್ಲೇನು?"

"ಸಾಕ್ರಿ, ಸಾಕು. ಸಣ್ಣ ಹುಡಿಗ್ಯಾರು ಕೂತಾರ."

ಸಣ್ಣ ಹುಡುಗಿಯರೆಂದರೆ ಇಬ್ಬರು ಮಕ್ಕಳ ತಾಯಂದಿರು. ಅವರಿಗೇ ಮೊದಲು ತಿಳಿಯಬೇಕಾದದ್ದು. ತಟ್ಟೆ ಇಡಲು ಅಡುಗೆಮನೆಗೆ ಹೋದೆ. ಹಿಂದೆಯೇ ಅಧ್ಯಕ್ಷೆ ಬಂದಳು, ಬಾಗಿಲು ಮುಂದೆ ಮಾಡಿದಳು, ನಳ ಜೋರಾಗಿ ಬಿಟ್ಟಳು. ನೀರಿನ ಸದ್ದಿನೊಳಗೆ ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದಳು, "ಕಾಮಠಿ ರಸ್ತಾದಾಗ ಔಷಧ ಅಂಗಡಿ ಮ್ಯಾಲ ಒಬ್ಬಾಕಿ ಡಾಕ್ಟರಬಾಯಿ ಇದ್ದಾಳ. ಚೀಲ ಕೆಳಗ ಇಳೀದಂಗ ಒಳಗ ರಬ್ಬರಿನ ರಿಂಗ ಹಾಕ್ತಾಳ. ನಾ ಹಾಕಿಸಿಕೊಂಡ ಭಾಳ ವರ್ಷ ಆತು. ನನ್ನ ಹೆಸರ ಎಲ್ಲೂ ಹೇಳಬ್ಯಾಡ್ರಿ ಮತ್ತ!"

ಅವಳನ್ನು ಹೊಡೆಯಬೇಕು ಅನ್ನಿಸಿತು. ಭಾಳ ವರ್ಷ! ಪ್ರತಿ ವಾರ ನನ್ನ ಪಕ್ಕ ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತು ತಾಳ ಬಡಿದವಳು. ನನ್ನ ಕಚ್ಚೆಯನ್ನು ಬೆರಳು ಮಾಡಿ ತೋರಿಸಿ ಹೊಗಳಿದವಳು. ಅದರ ಕೆಳಗೆ ಏನಿರಬಹುದೆಂದು ಈ ಊರಿನಲ್ಲಿ ಯಾರಿಗಾದರೂ ಅನುಮಾನ ಬರುವುದಿದ್ದರೆ ಅವಳಿಗೇ ಬರಬೇಕಿತ್ತು. ನಳ ಬಂದ್ ಮಾಡಿ ಹೊರಗೆ ಬಂದೆ.

ಡಾಕ್ಟರಬಾಯಿಯ ದವಾಖಾನೆಗೆ ಏರುವ ಮೆಟ್ಟಿಲು ಕಡಿದು, ಕತ್ತಲು, ಹಿಡಿಕೆಯಿಲ್ಲ. ಮೂಲೆಯಲ್ಲಿ ಯಾರೋ ಖರ್ರಾ ಅಡಿಕೆ-ತಂಬಾಕು ತಿಂದು ಉಗುಳಿದ ಕೆಂಪು. ಮೈ ಇಳಿದ ಹೆಂಗಸರು ಹತ್ತುವ ಜಾಗ ಅದು. ಕಟ್ಟಿದವನನ್ನು ಬೈಯುತ್ತ, ಒಂದು ಕೈ ಗೋಡೆಗೆ, ಒಂದು ಕೈ ಕಚ್ಚೆಗೆ ಹಿಡಿದು ಏರಿದೆ. ಒಳಗಿನ ಪರದೆ ಒಗೆದು ಯಾವ ಕಾಲವಾಗಿತ್ತೋ. ಡಾಕ್ಟರಬಾಯಿ ಬಿಳಿ ಕೂದಲಿನವಳು, ಬಾಯಿ ನನ್ನದಕ್ಕಿಂತ ಕೆಟ್ಟದ್ದು. ಸೊಸೆ ಮಾತು ಶುರು ಮಾಡುತ್ತಲೇ ಮರಾಠಿಯಲ್ಲಿ, "ಅಂಗ ನಿನ್ನದೋ ಇವರದೋ?" ಎಂದಳು. ಸೊಸೆ ಹಿಂದೆ ಸರಿದಳು. ಎಲ್ಲ ನಾನೇ ಹೇಳಿದೆ. ಮಲಗಿಸಿ, ದೀಪ ಹತ್ತಿರ ಎಳೆದುಕೊಂಡು ನೋಡಿದಳು. ನನ್ನ ಜನ್ಮದಲ್ಲಿ ಅದನ್ನು ದೀಪ ಹಿಡಿದು ನೋಡಿದ ಮೊದಲನೆಯವಳು ಅವಳೇ.

"ಆಜಿ, ಇದು ಬಟ್ಟೆ ತಿಕ್ಕಿ ಆದ ಹುಣ್ಣು. ದಿನಾ ಬಿಗಿದು ಕಟ್ಟಿ, ತಿಕ್ಕಿ ತಿಕ್ಕಿ ಕೊಳೆಯಿಸಿದ್ದೀರಿ. ಇವತ್ತಿನಿಂದ ಕಚ್ಚೆ ಬಂದ್."

"ಕ್ಯಾನ್ಸರೇನು?"

"ಹಾಗೆ ಕಾಣುವುದಿಲ್ಲ. ಆದರೆ ಕಂಡದ್ದನ್ನು ನಂಬುವವಳಲ್ಲ ನಾನು" ಎಂದು ಹುಣ್ಣಿನ ಅಂಚಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಹಚ್ಚಲು ಮುಲಾಮು ಕೊಟ್ಟಳು.

ರಿಪೋರ್ಟು ಬರುವವರೆಗೆ ನಾನು ಮನೆಯಲ್ಲಿ ಸೊಸೆಯ ಗೌನು ಹಾಕಿಕೊಂಡು ಹಾಸಿಗೆಯ ಮೇಲೆ ಬಿದ್ದಿದ್ದೆ. ಮಿಹಾನ್‌ನಿಂದ ಕೆಲಸ ಮುಗಿಸಿ ಕಂಪನಿಯ ಗಾಡಿಯಲ್ಲಿ ಬಂದಿಳಿದ ಮಗ ನನ್ನನ್ನು ಆ ವೇಷದಲ್ಲಿ ಕಂಡು ಬಾಗಿಲಲ್ಲೇ ನಿಂತ. ಏನಾಗಿದೆ ಎಂದು ಅವನಿಗೆ ಹೆಂಡತಿ ಹೇಳಿರಬೇಕು. ನನ್ನನ್ನು ಕೇಳಲಿಲ್ಲ, ಮೂಸಂಬಿ ತಂದಿಟ್ಟ. ನನ್ನ ಚೀಲ ಇಳಿದದ್ದು ಇವನನ್ನು ಹಡೆದೇ ಅಲ್ಲವೇ ಎಂದು ಒಮ್ಮೆ ನೋಡಿ ಆಚೆ ಮುಖ ಮಾಡಿ ಮಲಗಿದೆ. ಸಾಯುವ ಹೆದರಿಕೆಗಿಂತ ನಾರುವ ಹೆದರಿಕೆ ಹೆಚ್ಚಿತ್ತು. ಸ್ನಾನ ಮಾಡಿದ ಮೇಲೂ ಅಂಗೈ ಮೂಸಿ ನೋಡುತ್ತಿದ್ದೆ.

ರಿಪೋರ್ಟು ಸೊಸೆಯ ಫೋನಿಗೇ ಬಂತು. ಅವಳು ಓದುವಾಗ ನಾನು ಅವಳ ಮುಖ ಹಿಡಿದು ನನ್ನ ಕಡೆ ತಿರುಗಿಸಿದೆ. "ಮೊದಲ ನನಗ ಹೇಳು."

"ಏನೂ ಇಲ್ಲ, ಅತ್ಯಾ. ಬರೇ ಹುಣ್ಣು."

ಹುಣ್ಣು ಮಾದ ಮೇಲೆ ಡಾಕ್ಟರಬಾಯಿ ರಿಂಗು ಹಾಕಿದಳು. ಮಕ್ಕಳ ಆಟದ ಬಳೆಯಂಥ ಒಂದು ರಬ್ಬರು. ಅದೊಂದು ಇಲ್ಲದೆ ನನ್ನ ಅತ್ತೆ ಹಾಗೆ ಸತ್ತಳು.

ಮುಂದಿನ ಭಜನೆಗೆ ಸೊಸೆಯ ಆರು ವಾರಿ ಸೀರೆ ಉಟ್ಟು ಹೋಗಿ ಕೆಳಗೆ ಕೂತೆ. ಅಧ್ಯಕ್ಷೆ ಎಲ್ಲರ ಮುಂದೆ, ಮುಖ ಒಂದಿಷ್ಟೂ ಅಲುಗದೆ ಹೇಳಿದಳು, "ಇದೇನ ಕಾಕೂ, ಕಚ್ಚಿ ಬಿಟ್ರಿ? ನೀವ ಹಿಂಗ ಮಾಡಿದ್ರ ಸಂಪ್ರದಾಯ ಉಳಸವರು ಯಾರು?"

ಉಗುಳು ಬಾಯಿಯವರೆಗೆ ಬಂತು. ದೇವರ ಮುಂದೆ ಉಗುಳಬಾರದೆಂದು ನುಂಗಿದೆ. ಅವಳ ಹೆಸರು ಹೇಳಲಿಲ್ಲ. ಹೇಳಬಾರದೆಂದಲ್ಲ, ನನ್ನ ಬಾಯಿ ಹೊಲಸಾಗಬಾರದೆಂದು.

"ಸಂಪ್ರದಾಯ ತಿಕ್ಕಿ ಹುಣ್ಣಾಗಿತ್ತು. ರಿಂಗ ಹಾಕಿಸಿಕೊಂಡೇನಿ" ಎಂದೆ. "ಕಾಮಠಿ ರಸ್ತಾ, ಔಷಧ ಅಂಗಡಿ ಮ್ಯಾಲ. ಬೋರ್ಡ ಸಣ್ಣದ ಅದ, ನೋಡಿ ಏರ್ರಿ."

ಅಧ್ಯಕ್ಷೆ ತಾಳ ಎತ್ತಿಕೊಂಡು ಮುಂದಿನ ಹಾಡು ಶುರು ಮಾಡಿದಳು. ಎರಡು ಸಾಲು ಹೋಗಿರಬೇಕು, ಗೋಡೆ ಹಿಡಿದು ನಿಂತಿದ್ದ ಕಾಮಠಿಯ ಮುದುಕಿ, ಹಾಡಿಗಿಂತ ಗಟ್ಟಿಯಾಗಿ ಕೇಳಿದಳು:

"ಮೆಟ್ಟಲಾ ಭಾಳ ಅವೇನ?"

"ಅವ. ಕಡಿದವ. ಹಿಡಿಕಿ ಇಲ್ಲ, ಮೂಲ್ಯಾಗ ಉಗುಳ್ಯಾರ" ಎಂದೆ. "ನಾಳೆ ಮುಂಜಾನೆ ಬಾ. ನಾ ಕೆಳಗ ನಿಂತಿರ್ತೇನಿ."